ಗೋಲ ಟೊಳ್ಳಾಗುತ್ತಿಲ್ಲವೇ? ಫರ್ನೇಸ್ ಮುಟ್ಟುವ ಮೊದಲು ಹನಿಯನ್ನು ನೋಡಿ

ಲೋಹದ ಲವಣ ಕರಗಿಸಿದ ನೀರನ್ನು ಅಲ್ಟ್ರಾಸೌಂಡ್‌ನಿಂದ ಮಂಜು ಮಾಡಬೇಕು. ಆ ಮಂಜನ್ನು ಗಾಳಿಯ ಜೊತೆ ಬಿಸಿ ಟ್ಯೂಬಿನಲ್ಲಿ ಹಾಯಿಸಬೇಕು. ಕೊನೆಯಲ್ಲಿ ಆಕ್ಸೈಡ್ ಪುಡಿಯನ್ನು ಫಿಲ್ಟರ್ ಮೇಲೆ ಹಿಡಿಯಬೇಕು. ಅಲ್ಟ್ರಾಸಾನಿಕ್ ಸ್ಪ್ರೇ ಪೈರಾಲಿಸಿಸ್ ಅಂದರೆ ಇಷ್ಟೇ. ಒಂದು ಹನಿಗೆ ಒಂದು ಗೋಲ. ಎಲ್ಲ ಕೂಡಿ ಬಂದರೆ ಹೊರಗೆ ತೆಳು ಚಿಪ್ಪು, ಒಳಗೆ ಖಾಲಿ. ಕೂಡಿ ಬರದಿದ್ದರೆ ಗಟ್ಟಿ ಗುಂಡು, ಒಡೆದ ಚಿಪ್ಪಿನ ಚೂರು, ಇಲ್ಲವೇ ಫಿಲ್ಟರ್ ಮೇಲೆ ಒದ್ದೆ ಕೆಸರು.

ಕೂಡಿ ಬರದಿದ್ದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಟ್ಯೂಬನ್ನು ಕಾಯಿಸುವ ಫರ್ನೇಸಿನ ಕಂಟ್ರೋಲರ್ ಕಡೆಗೆ. 600 ಡಿಗ್ರಿಯಲ್ಲಿ ಆಗಲಿಲ್ಲ, 700 ನೋಡೋಣ. ಅದೂ ಆಗಲಿಲ್ಲ, 800 ನೋಡೋಣ. ಹೀಗೆ ವಾರಗಟ್ಟಲೆ ಕಳೆದುಹೋಗುತ್ತದೆ. ನನ್ನ ಪ್ರಕಾರ ಇದು ಹುಡುಕಾಟವನ್ನು ಬಾಲದಿಂದ ಶುರು ಮಾಡಿದ ಹಾಗೆ. ಗೋಲ ಟೊಳ್ಳಾಗುತ್ತದೋ ಗಟ್ಟಿಯಾಗುತ್ತದೋ ಅನ್ನುವುದು ಬಹುಪಾಲು ಇತ್ಯರ್ಥವಾಗುವುದು ಟ್ಯೂಬಿನ ಬಾಯಿಯ ಹತ್ತಿರ, ಹನಿಯಿಂದ ನೀರು ಹೋಗುವ ಹೊತ್ತಿನಲ್ಲಿ. ನಡುವಿನ ಕೆಂಪಗೆ ಕಾದ ಜಾಗಕ್ಕೆ ಬರುವಷ್ಟರಲ್ಲಿ ಆಕಾರದ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ. ಅಲ್ಲಿ ಲವಣ ಒಡೆದು ಆಕ್ಸೈಡ್ ಆಗುತ್ತದೆ, ಹರಳು ಕಟ್ಟುತ್ತದೆ. ಹಾಗಾಗಿ ಇಲ್ಲಿ ಹನಿ ಹೋಗುವ ದಾರಿಯಲ್ಲೇ ಹೋಗೋಣ. ಲೆಕ್ಕಕ್ಕೆ ಝಿಂಕ್ ಆಕ್ಸೈಡ್ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇರೆ ಆಕ್ಸೈಡ್ ಆದರೆ ಅಣುತೂಕ, ಸಾಂದ್ರತೆ ಬದಲಿಸಿಕೊಳ್ಳಿ.

ಮೊದಲು ಖಾತ್ರಿ: ಅದು ನಿಜಕ್ಕೂ ಗಟ್ಟಿಯೇ?

ಎಸ್‌ಇಎಂ (ಮೇಲ್ಮೈ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ದುಂಡಗಿನ ಗೋಲ ಕಂಡ ಮಾತ್ರಕ್ಕೆ ಟೊಳ್ಳು ಎಂದೂ ಹೇಳಲಾಗದು, ಗಟ್ಟಿ ಎಂದೂ ಹೇಳಲಾಗದು. ಅದು ತೋರಿಸುವುದು ಹೊರಮೈಯನ್ನು. ಚಿಟಿಕೆ ಪುಡಿಯನ್ನು ಎರಡು ಗಾಜಿನ ಸ್ಲೈಡ್‌ಗಳ ನಡುವೆ ಇಟ್ಟು ಬೆರಳಿನಿಂದ ಒತ್ತಿ, ಒಂದು ಸುತ್ತು ತಿರುಗಿಸಿ. ಒತ್ತಿದ ಪುಡಿ, ಒತ್ತದ ಪುಡಿ ಎರಡನ್ನೂ ಒಂದೇ ಸ್ಟಬ್ (ಸ್ಯಾಂಪಲ್ ಕೂರಿಸುವ ಬಿಲ್ಲೆ) ಮೇಲೆ ಪಕ್ಕಪಕ್ಕ ಅಂಟಿಸಿ ಕಳಿಸಿ. ಒತ್ತಿದ ಕಡೆ ಚಿಪ್ಪಿನ ಚೂರುಗಳು ಕಂಡರೆ ಟೊಳ್ಳು. ಒತ್ತಿದರೂ ಗುಂಡುಗಳು ಹಾಗೇ ಇದ್ದರೆ, ಅಥವಾ ಒಡೆದ ಜಾಗದಲ್ಲಿ ಒಳಗೂ ಕಣಗಳೇ ತುಂಬಿದ್ದರೆ ಗಟ್ಟಿ. ಟಿಇಎಂ (ಕಣದ ಮೂಲಕ ಹಾಯಿಸಿ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಸಿಕ್ಕರೆ ಇನ್ನೂ ಸುಲಭ. ಟೊಳ್ಳು ಗೋಲದ ಅಂಚು ಕಪ್ಪಗೆ, ನಡು ತಿಳಿಯಾಗಿ ಕಾಣುತ್ತದೆ.

ಇನ್ನೊಂದು ಬಲೆ ಇದಕ್ಕೆ ಉಲ್ಟಾ. ಪುಡಿ ಚೆನ್ನಾಗಿಯೇ ಬಂದಿರುತ್ತದೆ, ಚಿತ್ರದಲ್ಲಿ ಮಾತ್ರ ಬರೀ ಚೂರು. ಸ್ಯಾಂಪಲ್ ಹೇಗೆ ತಯಾರಾಯಿತು ಎಂದು ಕೇಳಿ. ಎಥನಾಲ್‌ನಲ್ಲಿ ಹಾಕಿ ಅಲ್ಟ್ರಾಸಾನಿಕ್ ಬಾತ್‌ನಲ್ಲಿ ಹತ್ತು ನಿಮಿಷ ಇಡುವುದು ಎಲ್ಲ ಕಡೆ ರೂಢಿ. ಆ ಬಾತ್ ಸಾಮಾನ್ಯವಾಗಿ 40 ಕಿಲೋಹರ್ಟ್ಜ್ ಸುತ್ತ ಓಡುತ್ತದೆ. ಅಲ್ಲಿ ಗುಳ್ಳೆಗಳು ಹುಟ್ಟಿ ಕುಸಿಯುವ ಹೊಡೆತಕ್ಕೆ ತೆಳು ಚಿಪ್ಪು ನಿಲ್ಲುವುದಿಲ್ಲ. ಗೋಲ ಕಟ್ಟಿದ್ದೂ ಅಲ್ಟ್ರಾಸೌಂಡ್, ಒಡೆದದ್ದೂ ಅಲ್ಟ್ರಾಸೌಂಡ್! ಒಣ ಪುಡಿಯನ್ನೇ ಕಾರ್ಬನ್ ಟೇಪ್ ಮೇಲೆ ಉದುರಿಸಿದರೆ ಈ ತಾಪತ್ರಯ ಇಲ್ಲ.

ಮೈಕ್ರೋಸ್ಕೋಪ್ ಸರದಿ ಸಿಗುವ ತನಕ ಕೂತಲ್ಲೇ ಮಾಡಬಹುದಾದ ಲೆಕ್ಕವೂ ಒಂದಿದೆ. 1962ರಲ್ಲಿ ರಾಬರ್ಟ್ ಲ್ಯಾಂಗ್ ಕೊಟ್ಟ ಸೂತ್ರದ ಪ್ರಕಾರ ಹನಿಯ ಗಾತ್ರ ದ್ರವದ ಮೇಲ್ಮೈ ಎಳೆತ, ಸಾಂದ್ರತೆ ಮತ್ತು ಅಲ್ಟ್ರಾಸೌಂಡ್‌ನ ಆವರ್ತನವನ್ನು ಹಿಡಿದು ನಿಲ್ಲುತ್ತದೆ. ನೀರಿಗೆ 1.7 ಮೆಗಾಹರ್ಟ್ಜ್‌ನಲ್ಲಿ ಸುಮಾರು 2.9 ಮೈಕ್ರಾನ್ ಬರುತ್ತದೆ. ದ್ರಾವಣ 0.1 ಮೋಲಾರ್ (ಲೀಟರಿಗೆ 0.1 ಮೋಲ್ ಲವಣ) ಇದ್ದರೆ ಲೀಟರಿಗೆ 8.1 ಗ್ರಾಂ ಝಿಂಕ್ ಆಕ್ಸೈಡ್. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 5.6 ಗ್ರಾಂ. ಅಂದರೆ ಹನಿಯ ಘನಗಾತ್ರದಲ್ಲಿ ಆಕ್ಸೈಡ್ ಪಾಲು 0.00145. ಅದರ ಘನಮೂಲ 0.113. ಅದನ್ನು 2.9ರಿಂದ ಗುಣಿಸಿದರೆ 0.33 ಮೈಕ್ರಾನ್. ಪೂರ್ತಿ ಗಟ್ಟಿಯಾದ ಗೋಲ ಇಷ್ಟು ದಪ್ಪ ಇರಬೇಕು. ಚಿತ್ರದಲ್ಲಿ ಸರಾಸರಿ 0.35 ಬಂದರೆ ಗೋಲ ಗಟ್ಟಿ, ಬೇರೆ ಮಾತೇ ಇಲ್ಲ. 0.7 ಬಂದರೆ ಒಳಗೆ ಖಾಲಿ ಇದೆ, ಅಥವಾ ರಂಧ್ರ ಜಾಸ್ತಿ ಇದೆ, ಅಥವಾ ಹನಿಗಳು ದಾರಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಕೂಡಿಕೊಂಡಿದ್ದರೆ ಗಾತ್ರಗಳ ಹರಡುವಿಕೆ ದೊಡ್ಡದಾಗಿರುತ್ತದೆ, ಮಧ್ಯೆ ಮಧ್ಯೆ ಎದ್ದು ಕಾಣುವ ದಪ್ಪ ಗುಂಡುಗಳಿರುತ್ತವೆ.

ಮಂಜು ಬರುತ್ತಿಲ್ಲ, ಅಥವಾ ಸಾಲದು

ದ್ರಾವಣದ ಮೇಲೆ ಸಣ್ಣ ಕಾರಂಜಿ ಏಳುತ್ತದೆಯೇ ನೋಡಿ. ಕಾರಂಜಿಯೇ ಇಲ್ಲದಿದ್ದರೆ ಶಬ್ದ ದ್ರಾವಣವನ್ನು ಮುಟ್ಟುತ್ತಿಲ್ಲ. ಕಾರಂಜಿ ಇದ್ದು ಮಂಜು ಇಲ್ಲದಿದ್ದರೆ ಶಬ್ದ ಮುಟ್ಟುತ್ತಿದೆ, ಆದರೆ ಬಲ ಸಾಲದು ಅಥವಾ ದ್ರಾವಣ ಮಂದವಾಗಿದೆ. ಈ ಒಂದು ನೋಟಕ್ಕೇ ಅರ್ಧ ಕಾರಣಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಕಾರಂಜಿ ಇಲ್ಲ ಅಂದಾಗ ಹೆಚ್ಚಿನ ಸಲ ಸಿಗುವ ಕಳ್ಳ ಗಾಳಿ ಗುಳ್ಳೆ. ಲವಣದ ನೀರು ಅಲ್ಟ್ರಾಸೌಂಡ್ ಹುಟ್ಟಿಸುವ ಡಿಸ್ಕನ್ನು ನೇರವಾಗಿ ಮುಟ್ಟಿದರೆ ಅದರ ಮೇಲಿನ ಲೋಹದ ಲೇಪ ತಿಂದುಹೋಗುತ್ತದೆ. ಅದಕ್ಕೇ ಕೆಳಗೆ ಶುದ್ಧ ನೀರಿನ ಬಾತ್, ಅದರ ತಳದಲ್ಲಿ ಡಿಸ್ಕ್, ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯ ತಳವಿರುವ ಪಾತ್ರೆ ಇಡುತ್ತಾರೆ. ಆ ಹಾಳೆಯ ಕೆಳಗೆ ಒಂದು ಗುಳ್ಳೆ ಕೂತರೂ ಶಬ್ದ ಅಲ್ಲೇ ತಿರುಗಿ ಹೋಗುತ್ತದೆ. ಕೆಳಗಿನ ನೀರನ್ನು ಕುದಿಸಿ ಆರಿಸಿ ತುಂಬಿ. ಪಾತ್ರೆಯನ್ನು ಓರೆ ಮಾಡಿ ಇಳಿಸಿ, ಗುಳ್ಳೆ ಅಂಚಿನಿಂದ ಜಾರಿ ಹೋಗಲಿ. ಡಿಸ್ಕಿನ ಮೇಲೆ ಒಟ್ಟು ಸಾಮಾನ್ಯವಾಗಿ 2ರಿಂದ 4 ಸೆಂಟಿಮೀಟರ್ ದ್ರವ ಇರಬೇಕು. ಅದಕ್ಕಿಂತ ಆಳವಾದರೆ ಮಂಜು ಸೊರಗುತ್ತದೆ. ಡಿಸ್ಕ್ ಪೂರ್ತಿ ಒಣಗಿದರೆ ಸ್ವಲ್ಪ ಹೊತ್ತಿಗೇ ಸುಟ್ಟುಹೋಗುತ್ತದೆ. ದ್ರಾವಣ ಎಷ್ಟೇ ಇದ್ದರೂ ಡಿಸ್ಕ್ ಉಳಿಯಬೇಕಾದರೆ ಕೆಳಗಿನ ನೀರನ್ನು ನೋಡಿಕೊಳ್ಳಿ.

ಡಿಸ್ಕ್ ಯಾವುದು ಎಂಬುದೂ ಮುಖ್ಯ. ಈ ಕೆಲಸಕ್ಕೆ ದುಬಾರಿ ಯಂತ್ರವೇ ಬೇಕೆಂದೇನಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೆನೆತ್ ಸಸ್ಲಿಕ್ ಅವರ ತಂಡ ಮನೆಬಳಕೆಯ ಹ್ಯೂಮಿಡಿಫೈಯರ್‌ನ 1.7 ಮೆಗಾಹರ್ಟ್ಜ್ ಅಲ್ಟ್ರಾಸೌಂಡ್‌ನಿಂದಲೇ ಒಳ್ಳೆಯ ಕೆಲಸ ಮಾಡಿದೆ. ಆದರೆ ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಬಿಡಿಭಾಗ ಕೊಳ್ಳುವಾಗ ಹುಷಾರಾಗಿರಿ. ನಡುವೆ ಸಣ್ಣ ತೂತುಗಳ ಜಾಲರಿ ಇರುವ, 100 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಓಡುವ ಡಿಸ್ಕ್‌ಗಳೂ ಅದೇ ಹೆಸರಿನಲ್ಲಿ ಸಿಗುತ್ತವೆ. ಅದರಲ್ಲಿ ಹನಿಯ ಗಾತ್ರ ತೂತಿನ ಗಾತ್ರದಂತೆ. ಲವಣದ ನೀರಿಗೆ ತೂತುಗಳು ಬೇಗ ಕಟ್ಟಿಕೊಳ್ಳುತ್ತವೆ. ನಮಗೆ ಬೇಕಾದ್ದು ತೂತಿಲ್ಲದ ಪೂರ್ತಿ ಡಿಸ್ಕ್.

ಲ್ಯಾಬಿನಲ್ಲಿ ಸುಮ್ನೆ ಕೂತಿದೆ ಎಂದು 20 ಕಿಲೋಹರ್ಟ್ಜ್ ನಾಜಲ್ ಬಳಸಲು ಹೋದರೆ ಇನ್ನೊಂದು ತೊಂದರೆ. ಅದೇ ಸೂತ್ರದಲ್ಲಿ ಹನಿ ಸುಮಾರು 56 ಮೈಕ್ರಾನ್ ಬರುತ್ತದೆ. ಒಣಗುವ ಸಮಯ ವ್ಯಾಸದ ವರ್ಗದಂತೆ ಏರುವುದರಿಂದ, 2.9 ಮೈಕ್ರಾನ್ ಹನಿಗಿಂತ ಸುಮಾರು 370 ಪಟ್ಟು ಹೆಚ್ಚು ಹೊತ್ತು ಬೇಕು. ಹನಿ ಒಣಗುವ ಮೊದಲೇ ಟ್ಯೂಬಿನ ತಳಕ್ಕೆ ಬಿದ್ದು ಅಲ್ಲೇ ಸುಟ್ಟು ಅಂಟಿಕೊಳ್ಳುತ್ತದೆ.

ಕಾರಂಜಿ ಇದ್ದೂ ಮಂಜು ಕಡಿಮೆ ಅಂದರೆ ದ್ರಾವಣದ ಮಂದತನ ನೋಡಿ. ಸಿಟ್ರಿಕ್ ಆಮ್ಲ, ಸಕ್ಕರೆ, ಪಾಲಿಮರ್ ಹಾಕಿದವರಿಗೆ ಇದು ಬರುತ್ತದೆ. ಅದೇ ಪಾತ್ರೆಯಲ್ಲಿ ಬರೀ ನೀರು ಹಾಕಿ ಹತ್ತು ನಿಮಿಷ ಓಡಿಸಿ, ಮೊದಲು ಮತ್ತು ಆಮೇಲೆ ತೂಕ ಮಾಡಿ. ನೀರಿನಲ್ಲಿ ಚೆನ್ನಾಗಿ ಇಳಿದು ದ್ರಾವಣದಲ್ಲಿ ಇಳಿಯದಿದ್ದರೆ ತಪ್ಪು ದ್ರಾವಣದ್ದು. ಎರಡರಲ್ಲೂ ಇಳಿಯದಿದ್ದರೆ ಡಿಸ್ಕ್ ಅಥವಾ ಪವರ್ ಸಪ್ಲೈ. ಈ ತೂಕವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂಜು ದಾರಿಯಲ್ಲೇ ನೀರಾಗುತ್ತಿದೆ

ಪೈಪು ಸಣ್ಣದು, ತಿರುವು ಜಾಸ್ತಿ. ಬಹುತೇಕ ಸಲ ಇಷ್ಟೇ ಕಾರಣ. ಪೈಪನ್ನು ಅಗಲ ಮಾಡಿ, ಚಿಕ್ಕದು ಮಾಡಿ, ಗೋಡೆಗೆ ಹತ್ತಿದ ನೀರು ಪಾತ್ರೆಗೇ ವಾಪಸ್ ಇಳಿಯುವಂತೆ ಓರೆ ಕೊಡಿ. ಫರ್ನೇಸ್ ಕಡೆಗೆ ಓರೆ ಇದ್ದರೆ ಆ ನೀರು ಬಿಸಿ ಟ್ಯೂಬಿಗೆ ಹನಿಯುತ್ತದೆ. ಕ್ವಾರ್ಟ್ಜ್ ಅದನ್ನು ಸಹಿಸಿಕೊಳ್ಳಬಹುದು, ಅಲ್ಯುಮಿನಾ ಟ್ಯೂಬ್ ಸೀಳುತ್ತದೆ.

ಗೋಲ ಗಟ್ಟಿಯಾಗಿದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಹನಿಯ ಮೇಲ್ಮೈಯಿಂದ ನೀರು ಹಾರಿದಂತೆ ಅಲ್ಲಿ ಲವಣ ದಟ್ಟವಾಗುತ್ತದೆ. ಆ ಲವಣ ಒಳಕ್ಕೆ ಹರಿದು ಸಮ ಮಾಡಿಕೊಳ್ಳಲು ನೋಡುತ್ತದೆ. ಒಳಕ್ಕೆ ಹರಿಯುವುದಕ್ಕಿಂತ ಬೇಗ ನೀರು ಹಾರಿದರೆ ಮೇಲೆ ಹೆಪ್ಪು ಕಟ್ಟುತ್ತದೆ, ನಡುವೆ ಇನ್ನೂ ತಿಳಿ ದ್ರಾವಣ ಇರುತ್ತದೆ. ಆಮೇಲೆ ನಡುವಿನ ನೀರೂ ಹೋಗಿ ಖಾಲಿ ಉಳಿಯುತ್ತದೆ. ನೀರು ನಿಧಾನ ಹಾರಿದರೆ ಇಡೀ ಹನಿ ಒಟ್ಟಿಗೇ ದಟ್ಟವಾಗಿ, ಒಟ್ಟಿಗೇ ಹರಳು ಕಟ್ಟಿ, ಗಟ್ಟಿ ಗೋಲವಾಗುತ್ತದೆ.

ಎರಡರ ನಡುವಿನ ಅಂತರ ತುಂಬ ಕಡಿಮೆ. ನೀರಿನಲ್ಲಿ ಲವಣ ಹರಡುವ ವೇಗ ಸೆಕೆಂಡಿಗೆ ಸುಮಾರು ಒಂದು ಶತಕೋಟಿಯ ಒಂದು ಚದರ ಮೀಟರ್. 2.9 ಮೈಕ್ರಾನ್ ಹನಿಯ ಅಂಚಿನಿಂದ ನಡುವಿಗೆ ಬರಲು ಅದಕ್ಕೆ 2 ಮಿಲಿಸೆಕೆಂಡ್ ಸುತ್ತ ಸಾಕು. ಒಣಗುವಿಕೆ ಅದಕ್ಕಿಂತ ನಿಧಾನವಾದರೆ ಟೊಳ್ಳಿನ ಆಸೆ ಬಿಡಬೇಕು. ಹನಿ ಸಣ್ಣದಾದಷ್ಟೂ ಈ ಓಟದಲ್ಲಿ ಲವಣವೇ ಗೆಲ್ಲುತ್ತದೆ. ಅದಕ್ಕೇ ಚಿಕ್ಕ ಗೋಲ ಸಿಗಲಿ ಎಂದು 2.4 ಮೆಗಾಹರ್ಟ್ಜ್ ಡಿಸ್ಕ್ ಹಾಕಿದವರಿಗೆ ಟೊಳ್ಳು ಇನ್ನೂ ದೂರ ಓಡುತ್ತದೆ.

ಹಾಗಾದರೆ ಒಣಗುವಿಕೆ ಯಾಕೆ ನಿಧಾನವಾಗಿದೆ? ಮೊದಲ ಅನುಮಾನ ಮಂಜಿನ ದಟ್ಟಣೆ ಮೇಲೆ. ನೋಡಲು ಬೆಳ್ಳಗೆ ದಟ್ಟವಾದ ಮಂಜು ಖುಷಿ ಕೊಡುತ್ತದೆ, ಅಲ್ವಾ? ಆದರೆ ಹನಿಗಳು ತುಂಬಿದ ಗಾಳಿ ಬೇಗ ತೇವದಿಂದ ತುಂಬುತ್ತದೆ. ಆಮೇಲೆ ಹನಿ ಒಣಗುವುದು ಗೋಡೆಯಿಂದ ಬರುವ ಶಾಖದ ವೇಗದಲ್ಲಿ ಮಾತ್ರ. ಜೊತೆಗೆ ಅಷ್ಟು ನೀರು ಆವಿಯಾಗಲು ಶಾಖ ಬೇಕು. ನಿಮಿಷಕ್ಕೆ 1 ಮಿಲೀ ನೀರು ಒಳಗೆ ಹೋದರೆ, ಅದನ್ನು ಕಾಯಿಸಿ ಆವಿ ಮಾಡಲಿಕ್ಕೇ 40 ವ್ಯಾಟ್‌ಗೂ ಮೇಲೆ ಬೇಕು. ಅದೆಲ್ಲ ಟ್ಯೂಬಿನ ಬಾಯಿಯಿಂದಲೇ ಹೋಗುತ್ತದೆ. ಕಂಟ್ರೋಲರ್‌ನ ಉಷ್ಣತೆ ಅಳೆಯುವ ಥರ್ಮೋಕಪಲ್ ಇರುವುದು ಫರ್ನೇಸ್ ನಡುವೆ, ಅದೂ ಟ್ಯೂಬಿನ ಹೊರಗೆ. ಅದು 700 ಎಂದು ತೋರಿಸುತ್ತಲೇ ಇರುತ್ತದೆ, ಬಾಯಿಯ ಕಡೆ ತಣ್ಣಗಾಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಉದ್ದ ಕೆ-ಟೈಪ್ ಥರ್ಮೋಕಪಲ್ ಒಂದನ್ನು ಟ್ಯೂಬಿನೊಳಗೆ ತೂರಿಸಿ, ಐದೈದು ಸೆಂಟಿಮೀಟರಿಗೆ ಒಂದರಂತೆ ಅಳೆಯಿರಿ. ಮೊದಲು ಬರೀ ಗಾಳಿ ಬಿಟ್ಟು, ಆಮೇಲೆ ಬರೀ ನೀರಿನ ಮಂಜು ಬಿಟ್ಟು. ಎರಡು ಗೆರೆಗಳನ್ನು ಒಂದೇ ಗ್ರಾಫ್ ಮೇಲೆ ಹಾಕಿ. ಬಾಯಿಯ ಹತ್ತಿರ ಗೆರೆಗಳು ತುಂಬ ದೂರ ಹೋದರೆ ತಪ್ಪು ಸಿಕ್ಕಿತು. ಇಡೀ ಹುಡುಕಾಟದಲ್ಲಿ ನಾನು ಅತಿ ಹೆಚ್ಚು ನಂಬುವ ಪರೀಕ್ಷೆ ಇದು. ಆದರೂ ಇದನ್ನು ಮಾಡುವವರು ಕಡಿಮೆ.

ಪರಿಹಾರ ಎರಡು. ಮಂಜನ್ನು ತೆಳು ಮಾಡಿ: ಡಿಸ್ಕಿನ ಪವರ್ ಇಳಿಸಿ, ಅಥವಾ ಪಾತ್ರೆಯ ನಂತರ ಒಣ ಗಾಳಿ ಬೆರೆಸಿ. ಬೇರೆಬೇರೆಯಾಗಿ ಕಾಯಿಸಬಹುದಾದ ಮೂರು ಝೋನ್ ಇರುವ ಫರ್ನೇಸ್ ಆದರೆ ಮೊದಲ ಝೋನ್ ಮಾತ್ರ ಏರಿಸಿ, ಹನಿ ತಟ್ಟನೆ ಬಿಸಿಗೆ ಬೀಳಲಿ. ಹಳೆಯ ಸೆಟಪ್‌ಗಳಲ್ಲಿ ಫರ್ನೇಸಿನ ಮೊದಲು ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಇರುವುದುಂಟು. ಅದು ಹನಿಯನ್ನು ನಿಧಾನವಾಗಿ ಒಣಗಿಸಿ ಗಟ್ಟಿ ಗೋಲ ಮಾಡಲಿಕ್ಕೆ ಇಟ್ಟದ್ದು. ಟೊಳ್ಳು ಬೇಕಾದವರು ಅದನ್ನು ತೆಗೆದುಬಿಡಿ.

ಇದೆಲ್ಲ ಸರಿ ಇದ್ದೂ ಗಟ್ಟಿಯೇ ಬಂದರೆ ಲವಣ ಬದಲಿಸಿ. ಚೆನ್ನಾಗಿ ಕರಗುವ ಲವಣ ತಡವಾಗಿ ಹೆಪ್ಪು ಕಟ್ಟುತ್ತದೆ. ಅಷ್ಟರಲ್ಲಿ ಹನಿ ಕುಗ್ಗಿಹೋಗಿರುತ್ತದೆ, ನಡುವೆಯೂ ಲವಣ ತುಂಬಿರುತ್ತದೆ. 20 ಡಿಗ್ರಿಯಲ್ಲಿ 100 ಮಿಲೀ ನೀರಿಗೆ ಝಿಂಕ್ ಅಸಿಟೇಟ್ ಡೈಹೈಡ್ರೇಟ್ ಸುಮಾರು 43 ಗ್ರಾಂ ಕರಗುತ್ತದೆ. ಝಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 180 ಗ್ರಾಂಗೂ ಜಾಸ್ತಿ. ಮೇಲಾಗಿ ಈ ನೈಟ್ರೇಟ್ 36 ಡಿಗ್ರಿ ಸುತ್ತ ತನ್ನದೇ ನೀರಿನಲ್ಲಿ ಕರಗಿ ದ್ರವವಾಗುತ್ತದೆ. ಅಂಥದ್ದರಿಂದ ಬೇಗ ಗಟ್ಟಿ ಚಿಪ್ಪು ನಿರೀಕ್ಷಿಸುವುದು ಹೇಗೆ? ಅಸಿಟೇಟ್‌ಗೆ ಹೋಗುವುದು ಮೇಲು. ಆದರೆ ಅದಕ್ಕೂ ಒಂದು ಚಾಳಿ ಇದೆ. ಒಣಗಿದ ಝಿಂಕ್ ಅಸಿಟೇಟ್ ಬಿಸಿಯಾದಾಗ ಸ್ವಲ್ಪ ಭಾಗ ಆವಿಯಾಗಿ ಹಾರುತ್ತದೆ. ಟ್ಯೂಬಿನ ತಣ್ಣಗಿನ ತುದಿಯಲ್ಲಿ ಬಿಳಿ ಪದರ ಕಂಡು, ಪುಡಿಯ ತೂಕ ಲೆಕ್ಕಕ್ಕಿಂತ ಕಡಿಮೆ ಬಂದರೆ ಕಾರಣ ಇದೇ.

ದ್ರಾವಣದಲ್ಲಿ ಲವಣ ಎಷ್ಟಿದೆ ಅನ್ನುವ ಸಾಂದ್ರತೆ ಎರಡೂ ಕಡೆ ಕಚ್ಚುತ್ತದೆ. ಜಾಸ್ತಿ ಮಾಡಿದರೆ ಹನಿ ಶುರುವಿನಲ್ಲೇ ಹೆಚ್ಚುಕಡಿಮೆ ಪರ್ಯಾಪ್ತವಾಗಿ ಗಟ್ಟಿ ಗೋಲ ಬರುತ್ತದೆ. ಕಡಿಮೆ ಮಾಡಿದರೆ ಚಿಪ್ಪು ತೆಳುವಾಗಿ ನಿಲ್ಲುವುದಿಲ್ಲ. 0.1 ಮೋಲಾರ್ ದ್ರಾವಣದಿಂದ 0.7 ಮೈಕ್ರಾನ್ ಹೊರವ್ಯಾಸದ ಗೋಲ ಬಂದರೆ ಚಿಪ್ಪಿನ ದಪ್ಪ ಸುಮಾರು 13 ನ್ಯಾನೊಮೀಟರ್ ಅಷ್ಟೇ. 1 ಮೈಕ್ರಾನ್ ಗೋಲ ಬೇಕೆಂದರೆ 6 ನ್ಯಾನೊಮೀಟರ್ ಉಳಿಯುತ್ತದೆ, ಅದು ಉಳಿಯುವ ಚಿಪ್ಪಲ್ಲ. 0.2ರಿಂದ 0.5 ಮೋಲಾರ್ ನಡುವೆ ಒಂದೆರಡು ಬಿಂದು ಓಡಿಸಿ ನೋಡಿ.

ಕೊನೆಯ ಉಪಾಯ, ಏನಾದರೂ ಬೆರೆಸುವುದು. ನೈಟ್ರೇಟ್ ದ್ರಾವಣಕ್ಕೆ ಸಿಟ್ರಿಕ್ ಆಮ್ಲ ಅಥವಾ ಸಕ್ಕರೆ ಹಾಕಿದರೆ ಮೇಲೆ ಅಂಟಾದ ಪೊರೆ ಬೇಗ ಕಟ್ಟುತ್ತದೆ, ಒಳಗೆ ಹುಟ್ಟುವ ಅನಿಲ ಅದನ್ನು ಉಬ್ಬಿಸುತ್ತದೆ. ಕೆಲಸ ಮಾಡುವ ಉಪಾಯವೇ ಹೌದು. ಆದರೆ ನೈಟ್ರೇಟ್ ಮತ್ತು ಸಕ್ಕರೆ ಜೊತೆಯಲ್ಲಿ ಒಣಗಿದರೆ ಹೊತ್ತಿಕೊಳ್ಳುವ ಮಿಶ್ರಣ. ಉಳಿದ ದ್ರಾವಣವನ್ನು ಓವನ್‌ನಲ್ಲಿ ಒಣಗಿಸಲು ಇಡಬೇಡಿ. ಇನ್ನೊಂದು ದಾರಿ ಅಚ್ಚು ಹಾಕುವುದು. 2006ರಲ್ಲಿ ಸಸ್ಲಿಕ್ ತಂಡ ಟೈಟಾನಿಯಂ ದ್ರಾವಣಕ್ಕೆ ಸಿಲಿಕಾ ನ್ಯಾನೊ ಕಣ ಬೆರೆಸಿ ಮಂಜು ಮಾಡಿ, ಬಂದ ಪುಡಿಯಿಂದ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಸಿಲಿಕಾ ತೆಗೆಯಿತು. ರಂಧ್ರವಿರುವ ಗೋಲ, ಟೊಳ್ಳು ಗೋಲ, ಗೋಲದೊಳಗೆ ಗೋಲ, ಮೂರೂ ಸಿಕ್ಕವು. ಝಿಂಕ್ ಆಕ್ಸೈಡ್ ಮಾಡುವವರು ಇದನ್ನು ನಕಲು ಮಾಡಬೇಡಿ. ಆ ಆಮ್ಲದಲ್ಲಿ ಸಿಲಿಕಾ ಜೊತೆ ನಿಮ್ಮ ಆಕ್ಸೈಡೂ ಕರಗುತ್ತದೆ, ಕಾಸ್ಟಿಕ್ ಸೋಡಾ ಬಳಸಿದರೂ ಕರಗುತ್ತದೆ. ಆ ಆಮ್ಲದ ಅಪಾಯದ ಮಾತು ಬೇರೆ. ಸುಟ್ಟರೆ ಹೋಗುವ ಪಾಲಿಸ್ಟೈರೀನ್ ಅಥವಾ ಕಾರ್ಬನ್ ಗುಂಡುಗಳು ಇಲ್ಲಿ ವಾಸಿ.

ಟೊಳ್ಳು ಬಂದಿದೆ, ಆದರೆ ಒಡೆದಿದೆ ಅಥವಾ ಸುಕ್ಕಾಗಿದೆ

ಒಡೆದ ರೀತಿಯೇ ಕಾರಣ ಹೇಳುತ್ತದೆ. ಒಣದ್ರಾಕ್ಷಿಯಂತೆ ಸುಕ್ಕಾಗಿದ್ದರೆ ಚಿಪ್ಪು ಬೇಗ ಕಟ್ಟಿದೆ, ಆದರೆ ಮೆದು ಇರುವಾಗಲೇ ಒಳಗಿನ ನೀರು ಹೋಗಿ ಒಳಕ್ಕೆ ಕುಸಿದಿದೆ. ಸಾಂದ್ರತೆ ಸ್ವಲ್ಪ ಏರಿಸಿ. ಗೋಲ ಪೂರ್ತಿ ಇದ್ದು ಒಂದೇ ಒಂದು ತೂತು ಇದ್ದರೆ ಆವಿಯೋ ಅನಿಲವೋ ಅಲ್ಲಿಂದ ದಾರಿ ಮಾಡಿಕೊಂಡಿದೆ. ಹೆಚ್ಚಿನ ಬಳಕೆಗೆ ಇದು ತೊಂದರೆಯೇ ಅಲ್ಲ. ಕ್ಯಾಟಲಿಸ್ಟ್ ಮಾಡುವವರಿಗೆ ಲಾಭವೂ ಹೌದು, ಅದರ ಹಿಂದೆ ಬೀಳಬೇಡಿ. ಅರ್ಧ ಚಿಪ್ಪುಗಳು, ಚೂಪು ಅಂಚಿನ ಚೂರುಗಳು ತುಂಬಿದ್ದರೆ ಅದು ಸ್ಫೋಟ. ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡ ಮೇಲೆ ಒಳಗಿನ ನೀರು ಕುದಿದಿದೆ. ಇಲ್ಲಿ ಮಾತ್ರ ಮೊದಲ ಝೋನ್ ಇಳಿಸುವುದು ಸರಿಯಾದ ಮದ್ದು. ಐವತ್ತು ಡಿಗ್ರಿಯಂತೆ ಇಳಿಸುತ್ತಾ ಬನ್ನಿ, ಗಟ್ಟಿ ಗೋಲ ಕಾಣಿಸಿಕೊಳ್ಳಲು ಶುರುವಾದಾಗ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಿ.

ಬೆಳಗಿನ ಪುಡಿ ಬೇರೆ, ಸಂಜೆಯ ಪುಡಿ ಬೇರೆ

ಸೆಟ್ಟಿಂಗ್ ಯಾವುದನ್ನೂ ಮುಟ್ಟಿಲ್ಲ, ಆದರೂ ಪುಡಿ ಬದಲಾಗಿದೆ. ಪಾತ್ರೆಯಲ್ಲಿ ಉಳಿದ ದ್ರಾವಣದ ಸಾಂದ್ರತೆ ಅಳೆಯಿರಿ, ಏರಿರುತ್ತದೆ. ಒಣ ಗಾಳಿ ಪಾತ್ರೆಯ ಮೇಲೆ ಹಾಯುವಾಗ ಹನಿಗಳ ಜೊತೆ ಬರೀ ನೀರಾವಿಯನ್ನೂ ಒಯ್ಯುತ್ತದೆ. ಲವಣ ಹಿಂದೆ ಉಳಿಯುತ್ತದೆ. ಡಿಸ್ಕಿನ ಬಿಸಿಗೆ ದ್ರಾವಣ ಬೆಚ್ಚಗಾದಷ್ಟೂ ಇದು ಜಾಸ್ತಿ. ಗಾಳಿಯನ್ನು ಮೊದಲು ಶುದ್ಧ ನೀರಿನ ಬಬ್ಲರ್ (ಗಾಳಿ ದ್ರವದೊಳಗೆ ಗುಳ್ಳೆಯಾಗಿ ಹಾಯುವ ಬಾಟಲಿ) ಮೂಲಕ ತಂದರೆ ಅರ್ಧ ತೊಂದರೆ ಹೋಗುತ್ತದೆ. ಕೆಳಗಿನ ಬಾತ್‌ನಲ್ಲಿ ತಣ್ಣೀರು ಹರಿಯುವಂತೆ ಮಾಡಿದರೆ ಉಳಿದರ್ಧ. ದ್ರಾವಣದ ಮಟ್ಟ ಇಳಿದಂತೆ ಮಂಜೂ ಬದಲಾಗುವುದರಿಂದ ಪೆರಿಸ್ಟಾಲ್ಟಿಕ್ ಪಂಪಿನಿಂದ ಮಟ್ಟ ಕಾಯ್ದುಕೊಳ್ಳಿ. ಕಂಪ್ರೆಸರ್ ಗಾಳಿ ಬಳಸುವವರು ಅದರ ಎಣ್ಣೆ, ನೀರು ಹಿಡಿಯುವ ಫಿಲ್ಟರನ್ನೂ ನೋಡಿ.

ಆಕಾರ ಸರಿ, ಆಕ್ಸೈಡ್ ಪೂರ್ತಿ ಆಗಿಲ್ಲ

ಎಕ್ಸ್‌ಆರ್‌ಡಿಯಲ್ಲಿ (ಹರಳು ಯಾವುದೆಂದು ತೋರಿಸುವ ಎಕ್ಸ್-ರೇ ಪರೀಕ್ಷೆ) ಲವಣದ ಗೆರೆಗಳು ಉಳಿದಿವೆ, ಅಥವಾ ಪುಡಿ ಬೂದು ಬಣ್ಣಕ್ಕಿದೆ. ಉಷ್ಣತೆ ಏರಿಸುವ ಮೊದಲು ಹನಿ ಟ್ಯೂಬಿನಲ್ಲಿ ಇರುವ ಹೊತ್ತನ್ನು ಸರಿಯಾಗಿ ಲೆಕ್ಕ ಹಾಕಿ. 40 ಮಿಲಿಮೀಟರ್ ಒಳವ್ಯಾಸ, 60 ಸೆಂಟಿಮೀಟರ್ ಬಿಸಿ ಉದ್ದದ ಟ್ಯೂಬಿನ ಗಾತ್ರ 0.75 ಲೀಟರ್. ಗಾಳಿಯ ಹರಿವು ಅಳೆಯುವ ರೋಟಾಮೀಟರ್ ನಿಮಿಷಕ್ಕೆ 3 ಲೀಟರ್ ತೋರಿಸುತ್ತಿದೆ, ಹಾಗಾಗಿ 15 ಸೆಕೆಂಡ್ ಎಂದು ಬರೆಯುತ್ತಾರೆ. ಆದರೆ ಆ ಗಾಳಿ 700 ಡಿಗ್ರಿಯಲ್ಲಿ 3.3 ಪಟ್ಟು ಹಿಗ್ಗುತ್ತದೆ. ಆಗ 4.6 ಸೆಕೆಂಡ್ ಉಳಿಯಿತು. ಇನ್ನು ನಿಮಿಷಕ್ಕೆ 1 ಮಿಲೀ ನೀರು ಹೋಗುತ್ತಿದ್ದರೆ ಅದರ ಆವಿ ಕೋಣೆಯ ಉಷ್ಣತೆಯ ಲೆಕ್ಕದಲ್ಲಿ 1.36 ಲೀಟರ್. ಅದನ್ನೂ ಸೇರಿಸಿದರೆ 3.2 ಸೆಕೆಂಡ್‌ಗೆ ಬಂತು. ಹದಿನೈದು ಎಂದುಕೊಂಡದ್ದು ಮೂರು! ನೀವು ಮೊದಲೇ ಬರೆದಿಟ್ಟ ತೂಕ ಬೇಕಾಗುವುದು ಇಲ್ಲೇ.

ಹೊತ್ತು ಹೆಚ್ಚಿಸಬೇಕೆಂದರೆ ಗಾಳಿ ಇಳಿಸುವುದಕ್ಕಿಂತ ಟ್ಯೂಬ್ ಉದ್ದ ಮಾಡುವುದು ಒಳ್ಳೆಯದು. ಗಾಳಿ ಇಳಿಸಿದರೆ ಮಂಜು ದಟ್ಟವಾಗಿ, ಮೇಲೆ ಹೇಳಿದ ಗಟ್ಟಿ ಗೋಲದ ತೊಂದರೆ ಮತ್ತೆ ಬರುತ್ತದೆ. ಅದಕ್ಕಿಂತ, ಅರ್ಧ ಆದ ಪುಡಿಯನ್ನೇ ಹಿಡಿದು ಆಮೇಲೆ ಮಫಲ್ ಫರ್ನೇಸ್‌ನಲ್ಲಿ ಸುಡುವುದು ಸುಲಭ. ನಿಮಿಷಕ್ಕೆ 1ರಿಂದ 2 ಡಿಗ್ರಿಯಂತೆ ಏರಿಸಿ. 10 ಡಿಗ್ರಿಯಂತೆ ಏರಿಸಿದರೆ ಉಳಿದ ಲವಣದ ಅನಿಲ ಒಮ್ಮೆಲೇ ನುಗ್ಗಿ ಚಿಪ್ಪು ಒಡೆಯುತ್ತದೆ.

ಫಿಲ್ಟರ್ ಮೇಲೆ ಕೆಸರು

ಒಣಗಿದ ಗೋಲ ಕೊನೆಯ ಒಂದು ಅಡಿಯಲ್ಲಿ ಹಾಳಾಗುವುದೂ ಉಂಟು. ಗಾಳಿಯ ತುಂಬ ನೀರಾವಿ ಇದೆ. ಫಿಲ್ಟರ್ ತಣ್ಣಗಿದ್ದರೆ ಅದು ಪುಡಿಯ ಮೇಲೇ ನೀರಾಗುತ್ತದೆ. ಆ ನೀರಿನಲ್ಲಿ ಅರೆಬೆಂದ ಲವಣ ಕರಗಿ, ಮತ್ತೆ ಒಣಗುವಾಗ ಗೋಲಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಫಿಲ್ಟರ್ ಹೋಲ್ಡರ್‌ಗೆ ಹೀಟಿಂಗ್ ಟೇಪ್ ಸುತ್ತಿ 120ರಿಂದ 150 ಡಿಗ್ರಿಯಲ್ಲಿಡಿ. ಸಾಮಾನ್ಯ ಫಿಲ್ಟರ್ ಪೇಪರ್ ಇದಕ್ಕೆ ಆಗುವುದಿಲ್ಲ, ಗ್ಲಾಸ್ ಫೈಬರ್ ಅಥವಾ ಟೆಫ್ಲಾನ್ ಹಾಕಿ. ಪುಡಿ ಕಟ್ಟಿಕೊಂಡಂತೆ ಒತ್ತಡ ಏರಿ ಗಾಳಿ ಹಿಂದಕ್ಕೆ ತಳ್ಳುತ್ತದೆ, ಪಾತ್ರೆಯ ಕಡೆಯಿಂದ ಮಂಜು ಸೋರಲು ಶುರುವಾಗುತ್ತದೆ. ಸೋರಿಕೆ ಎಂದು ಆ ಕಡೆ ಟೇಪ್ ಸುತ್ತುವ ಮೊದಲು ಫಿಲ್ಟರ್ ಬದಲಿಸಿ ನೋಡಿ.

ನೀರಿನ ಅಥವಾ ಎಥನಾಲ್ ಬಬ್ಲರ್‌ನಲ್ಲಿ ಪುಡಿ ಹಿಡಿಯುವುದು ಅಗ್ಗದ ದಾರಿ. ಟೊಳ್ಳು ಗೋಲಕ್ಕೆ ಅದು ಒಗ್ಗುವುದಿಲ್ಲ. ಒಂದು ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಗುಳ್ಳೆಯೊಳಗೇ ಕೂತು ಹಾಗೇ ಹೊರಗೆ ಹೋಗುತ್ತವೆ. ಸಿಕ್ಕವು ಒಣಗುವಾಗ ದ್ರವದ ಎಳೆತಕ್ಕೆ ಕುಸಿಯುತ್ತವೆ. ಬಬ್ಲರ್ ಇರಬೇಕಾದ ಜಾಗ ಫಿಲ್ಟರ್ ಆದ ಮೇಲೆ. ನೈಟ್ರೇಟ್‌ನಿಂದ ಬರುವ ಕಂದು ಹೊಗೆ, ಕ್ಲೋರೈಡ್‌ನಿಂದ ಬರುವ ಆಮ್ಲದ ಆವಿ ಹಿಡಿಯಲು ಅದರಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ತುಂಬಿ, ಅದರ ಹೊರದಾರಿಯನ್ನು ಫ್ಯೂಮ್ ಹುಡ್ ಒಳಕ್ಕೆ ಬಿಡಿ. ಫರ್ನೇಸ್ ಆರಿಸುವಾಗ ಬಬ್ಲರ್ ಪೈಪನ್ನು ಮೊದಲು ಬಿಚ್ಚಿ. ಟ್ಯೂಬ್ ತಣ್ಣಗಾದಂತೆ ಒಳಗಿನ ಗಾಳಿ ಕುಗ್ಗಿ ಸೋಡಾ ನೀರನ್ನು ನೇರವಾಗಿ ಫಿಲ್ಟರ್ ಮೇಲೆ ಎಳೆದುಕೊಳ್ಳುತ್ತದೆ.